ಪೆಟ್ರೋಲ್ ನಮ್ಮದೇ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬಂದಿದೆ. ಇದು ಉಂಡು ಮಲಗುವತನಕದ ಸಿಟ್ಟಲ್ಲ. ಇದು ನನ್ನ ಅಕ್ಕನ ಗಂಡನ ಮೇಲಿನ ಸಿಟ್ಟು, ಅವರ ಜೊತೆ ಕೆಲಸ ಮಾಡಿ ಮಾಡಿ ಗಟ್ಟಿಯಾದದ್ದು. ಈ ಕಥೆಯ ಉದ್ದಕ್ಕೂ ಅವರಿಗೆ ಬಹುವಚನ ಕೊಟ್ಟಿದ್ದೇನೆ. ಅದು ಗೌರವಕ್ಕಲ್ಲ, ಅಕ್ಕ ಇದನ್ನು ಓದುತ್ತಾಳೆ ಎಂಬ ಭಯಕ್ಕೆ.

ಭಾವನದು ಡ್ರೈವಿಂಗ್ ಸ್ಕೂಲು. ಬೀದಿಯ ತಿರುವಿನಲ್ಲಿ, ಮನೆಗೆ ಅಂಟಿಕೊಂಡೇ ಒಂದು ಕೋಣೆ, ಕೋಣೆಯಲ್ಲಿ ಒಂದು ಕಪ್ಪು ಹಲಗೆ, ಹೊರಗೆ ಒಂದು ಮುದಿ ಕಾರು. ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದಲ್ಲಿ ಕೂತವನ ಕಾಲಿಗೆ. ಪಕ್ಕದಲ್ಲಿ ಕೂತವನು ನಾನು. ಈ ಊರಿನ ಎಷ್ಟೋ ಜನ ಇವತ್ತು ಎರಡು ಹೊತ್ತು ಉಣ್ಣುತ್ತಿದ್ದರೆ ಅದು ನನ್ನ ಬಲಗಾಲಿನ ಪುಣ್ಯ. ಭಾವ ಕಾರಿಗೆ ಕಾಲಿಡುವುದಿಲ್ಲ. ಅವರು ಕೋಣೆಯಲ್ಲಿ ಫ್ಯಾನಿನ ಕೆಳಗೆ ನಿಂತು, ಹಲಗೆಯ ಮೇಲೆ ಮೂರು ಚೌಕ ಬರೆದು, ಕ್ಲಚ್ಚು ಎಂದರೇನು, ಅದಿಲ್ಲದಿದ್ದರೆ ಮನುಷ್ಯ ಜೀವನ ಹೇಗೆ ನಿಂತುಹೋಗುತ್ತದೆ ಎಂದು ಉಪದೇಶ ಮಾಡುತ್ತಾರೆ. ಅದಕ್ಕೇ ಊರಿನವರು ಅವರನ್ನು ಕ್ಲಚ್ಚು ಮೇಷ್ಟ್ರು ಎನ್ನುವುದು.

ಸ್ಕೂಲಿನ ಬೋರ್ಡಿನಲ್ಲಿ ‘ಎಲ್ಲಾ ಸೇರಿ ಒಂದೇ ಫೀಸು’ ಎಂದು ದೊಡ್ಡದಾಗಿ ಬರೆದಿದೆ. ದುಡ್ಡು ಕಟ್ಟಿದ ಮೇಲೆ ಒಂದೊಂದಾಗಿ ಗೊತ್ತಾಗುತ್ತದೆ. ಏರು ಹತ್ತಿಸುವುದು ಬೇರೆ, ಸಂತೆ ದಿನದ ಜನಜಂಗುಳಿಯಲ್ಲಿ ಓಡಿಸುವುದು ಬೇರೆ, ರಿವರ್ಸ್ ಬೇರೆ. ಪೆಟ್ರೋಲಂತೂ ಬೇರೆಯೇ. ಆದರೆ ಪೆಟ್ರೋಲನ್ನು ತಾವೇ ತಂದವರಿಗೆ ಭಾವ ಒಂದಿಷ್ಟು ಬಿಡುತ್ತಾರೆ. ಹೀಗಾಗಿ ಬೆಳಗಾದರೆ ನಮ್ಮ ಬಾಗಿಲಲ್ಲಿ ಜನ ಹಾಲಿಗೆ ಬಂದವರ ಹಾಗೆ ಕ್ಯಾನು ಹಿಡಿದು ಸಾಲು ನಿಂತಿರುತ್ತಾರೆ. ಬೇರೆ ಯಾವ ಡ್ರೈವಿಂಗ್ ಸ್ಕೂಲಿನಲ್ಲೂ ಇಂಥ ಪದ್ಧತಿ ಇರುವುದನ್ನು ನಾನು ಕಂಡಿಲ್ಲ. ಭಾವನಿಗೆ ಮಾತ್ರ ಇದು ಲೋಕದ ನಿಯಮ.

ಎದುರಂಗಡಿಯ ಟೈಲರು ನಮ್ಮಲ್ಲೇ ಕಲಿತವನು. ರಿವರ್ಸಿಗೆ ಬೇರೆ ದುಡ್ಡು ಎಂದಾಗ ಅವನು, “ಕಾರು ತಗೊಳ್ಳೋದು ಮುಂದೆ ಹೋಗೋಕೆ ಮೇಷ್ಟ್ರೇ, ಹಿಂದೆ ಹೋಗೋದಾದ್ರೆ ಮನೇಲೇ ಇರ್ತಿದ್ದೆ” ಎಂದು ಹೇಳಿ ಕೊಡದೆ ಹೋದ. ಇವತ್ತಿಗೂ ಅವನಿಗೆ ರಿವರ್ಸ್ ಬರುವುದಿಲ್ಲ. ಅಂಗಡಿಯ ಮುಂದೆ ಎರಡು ಅಡಿ ದಾಟಿ ನಿಲ್ಲಿಸಿದರೆ ಇಡೀ ಬಡಾವಣೆ ಸುತ್ತಿ ಮತ್ತೆ ಬರುತ್ತಾನೆ. ಅವನಿಗೆ ಲೈಸೆನ್ಸ್ ಯಾರು ಕೊಟ್ಟರು ಎಂದು ಕೇಳಬೇಡಿ. ಆ ಸಿಟ್ಟು ಬೇರೆ ಇದೆ.

ಇಂಥ ಭಾವನಿಗೆ ಒಬ್ಬಳೇ ಮಗಳು. ಹುಡುಗಿ ಜಾಣೆ. ಮಾತು ಕಡಿಮೆ, ಆಡಿದ ಮಾತು ನೆಟ್ಟಗೆ. ಒಂದು ದಿನ ಊಟಕ್ಕೆ ಕೂತಾಗ, “ಅಪ್ಪ, ನಾನು ಪೈಲಟ್ ಆಗ್ತೀನಿ” ಎಂದಳು.

ಅಕ್ಕನ ಕೈಯ ಸೌಟು ಅಲ್ಲೇ ನಿಂತಿತು. ಭಾವ ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ. “ಆಗು. ನಮ್ಮ ಲೈನೇ ಅದು. ಇಲ್ಲಿ ಚಕ್ರ ಕೆಳಗಿದೆ, ಅಲ್ಲಿ ಸ್ವಲ್ಪ ಮೇಲಿರುತ್ತೆ. ಅಷ್ಟೇ ತಾನೇ” ಎಂದರು.

ಮರುದಿನವೇ ಫ್ಲೈಯಿಂಗ್ ಸ್ಕೂಲಿಗೆ ಹೊರಟೆವು. ಅದು ಊರಾಚೆ, ಮೈದಾನದಂಥ ಬಯಲಿನಲ್ಲಿ. ಉದ್ದನೆಯ ರನ್‌ವೇ, ತಗಡಿನ ಶೆಡ್ಡಿನಲ್ಲಿ ನಾಲ್ಕಾರು ಪುಟ್ಟ ವಿಮಾನಗಳು, ಪಕ್ಕದಲ್ಲಿ ಎಸಿ ಹಾಕಿದ ಆಫೀಸು. ಕೌಂಟರಿನಲ್ಲಿ ಒಬ್ಬ ಮೇಡಂ. ಮುಖದಲ್ಲಿ ನಗುವಿತ್ತು, ಆದರೆ ಅದು ಬೋರ್ಡಿನ ಹಾಗೆ, ಯಾರಿಗೂ ಪ್ರತ್ಯೇಕವಾಗಿ ಅಲ್ಲ.

“ಎಲ್ಲಾ ಸೇರಿ ಎಷ್ಟಾಗುತ್ತೆ ಮೇಡಂ?” ಎಂದು ಭಾವ ಕೇಳಿದರು.

“ಟ್ರೈನಿಂಗ್ ಫೀ ಇಷ್ಟು ಸರ್” ಎಂದು ಮೇಡಂ ಒಂದು ಅಂಕಿ ಹೇಳಿದರು. ನನ್ನ ಕಿವಿ ಜುಂ ಎಂದಿತು. ಎಲ್ಲಾ ಸೇರಿ ಎಂದು ಮೇಡಂ ಹೇಳಲಿಲ್ಲ. ಆ ಹೇಳದಿದ್ದುದನ್ನು ನಾನು ಕೇಳಿಸಿಕೊಂಡೆ. ಭಾವ ಕೇಳಿಸಿಕೊಳ್ಳಲಿಲ್ಲ. ಅವರು ಒಂದು ಗಂಟೆ ಚೌಕಾಸಿ ಮಾಡಿದರು. ಮೇಡಂ ಒಂದು ಕಾಸು ಬಿಡಲಿಲ್ಲ. ಹೊರಗೆ ಬಂದ ಮೇಲೆ ಭಾವ ಹೇಳಿದ್ದನ್ನು ನಾನು ಸಾಯುವತನಕ ಮರೆಯುವುದಿಲ್ಲ.

“ನೋಡಯ್ಯ, ಬೆಲೆ ಇಳಿಸದ ಅಂಗಡಿ ಅಂದ್ರೆ ಮೋಸ ಇಲ್ಲದ ಅಂಗಡಿ. ಮೋಸ ಮಾಡೋನು ಮೊದಲು ಇಳಿಸ್ತಾನೆ, ಆಮೇಲೆ ಬೇರೆ ಬೇರೆ ಹೆಸರಲ್ಲಿ ಕೀಳ್ತಾನೆ. ನನಗೆ ಗೊತ್ತಿಲ್ವಾ?”

ಅವರಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು.

ಊರ ಹೊರಗಿನ ಸೈಟು ಮಾರಿದರು. ಅಕ್ಕನ ಬಳೆ ಬ್ಯಾಂಕಿಗೆ ಹೋದವು. ಕೋಣೆಯ ಕಪ್ಪು ಹಲಗೆಯ ಮೇಲಿನ ಕ್ಲಚ್ಚನ್ನು ಒರೆಸಿ, ಭಾವ ಅಲ್ಲಿ ಬಜೆಟ್ಟು ಬರೆದರು. ಒಂದೇ ಸಾಲು, ಫೀಸು. ಅದರ ಕೆಳಗೆ ಎರಡು ಗೆರೆ. ‘ಇತರೆ ಖರ್ಚು’ ಅಂತ ಒಂದು ಸಾಲು ಹಾಕಿ ಭಾವ ಎಂದು ನಾನು ಹೇಳಿದ್ದಕ್ಕೆ, “ಇತರೆ ಅನ್ನೋದು ಕಳ್ಳರ ಕಾಲಂ” ಎಂದು ಗದರಿದರು. ಆಮೇಲೆ ಪೇಂಟರನ್ನು ಕರೆಸಿ, ಹೊರಗಿನ ಬೋರ್ಡಿನಲ್ಲಿ ತಮ್ಮ ಹೆಸರಿನ ಕೆಳಗೆ ‘ಮಾಲೀಕರ ಪುತ್ರಿ ಪೈಲಟ್’ ಎಂದು ಬರೆಸಿದರು. ಪುತ್ರಿ ಆಗಿನ್ನೂ ಬಟ್ಟೆ ಪ್ಯಾಕ್ ಮಾಡುತ್ತಿದ್ದಳು.

ಟೈಲರು ರಸ್ತೆ ದಾಟಿ ಬಂದು ಬೋರ್ಡು ಓದಿದ. “ಮೇಷ್ಟ್ರೇ, ವಿಮಾನಕ್ಕೂ ರಿವರ್ಸ್ ಬೇರೆಯಾ?”

“ವಿಮಾನಕ್ಕೆ ರಿವರ್ಸೇ ಇಲ್ಲ” ಎಂದರು ಭಾವ.

“ಹಾಗಾದ್ರೆ ನನಗೂ ಬರುತ್ತೆ ಬಿಡಿ.”

ಹುಡುಗಿ ಹಾಸ್ಟೆಲ್ಲಿಗೆ ಹೋಗಿ ವಾರವಾಗಿರಲಿಲ್ಲ, ಫೋನು ಬರತೊಡಗಿತು. ಮೊದಲು ಮೆಡಿಕಲ್ಲು. ಕಣ್ಣು, ಕಿವಿ, ಎದೆ, ಎಲ್ಲವನ್ನೂ ಬೇರೆ ಊರಿನ ಬೇರೆ ಡಾಕ್ಟರೇ ನೋಡಬೇಕು, ಹೋಗಿ ಬರುವ ಖರ್ಚು ನಮ್ಮದೇ. “ಹುಟ್ಟಿದಾಗಿಂದ ನೆಗಡಿ ಬಂದಿಲ್ಲ ಅವಳಿಗೆ. ನಾನೇ ಬರ್ಕೊಡ್ತೀನಿ” ಎಂದು ಭಾವ ಗುಡುಗಿದರು. ಅದು ನಡೆಯಲಿಲ್ಲ. ಆಮೇಲೆ ಕಿವಿಗೆ ಹಾಕಿಕೊಳ್ಳುವ ಹೆಡ್‌ಸೆಟ್ಟು. ಅದರ ಬೆಲೆ ಕೇಳಿ ಭಾವ ಹೊರಗೆ ಬಂದು ನಮ್ಮ ಕಾರನ್ನು ಒಮ್ಮೆ ನೋಡಿದರು, ಯಾವುದು ಹೆಚ್ಚು ಎಂದು ತೂಗುವವರ ಹಾಗೆ. “ಹತ್ತಿ ಇಟ್ಕೊಳ್ಳೋಕೆ ಹೇಳು” ಎಂದರು. ಆಮೇಲೆ ಪರೀಕ್ಷೆಗಳು, ಪ್ರತಿ ಪರೀಕ್ಷೆಗೂ ಫೀಸು, ಪುಸ್ತಕ. ಆಮೇಲೆ ಸಿಮ್ಯುಲೇಟರು. ಕೋಣೆಯೊಳಗೆ ಕೂತು, ಪರದೆ ನೋಡುತ್ತ, ನೆಲ ಬಿಡದೆ ಹಾರುವ ಯಂತ್ರ.

“ಹಾರದೆ ಇರೋ ವಿಮಾನಕ್ಕೂ ದುಡ್ಡಾ?” ಎಂದು ಭಾವ ಫೋನಿನಲ್ಲಿ ಕೂಗಿದ್ದು ಟೈಲರನ ಅಂಗಡಿಗೂ ಕೇಳಿಸಿತು. ಅವನು ಹೊಲಿಗೆ ಯಂತ್ರ ನಿಲ್ಲಿಸಿ ಕಿವಿಗೊಟ್ಟ.

“ಅಪ್ಪ, ಅದು ಕಡ್ಡಾಯ.”

“ಮೊದಲೇ ಯಾಕೆ ಹೇಳಲಿಲ್ಲ?”

“ನೀನು ಮೊದಲೇ ಯಾಕೆ ಕೇಳಲಿಲ್ಲ?”

ಆ ದಿನ ಭಾವ ಊಟ ಮಾಡಲಿಲ್ಲ. ಅಕ್ಕನೂ ಒತ್ತಾಯ ಮಾಡಲಿಲ್ಲ. ಅವಳ ಸಿಟ್ಟು ಬೇರೆ ಬಗೆಯದು, ಪಾತ್ರೆಗಳ ಮೂಲಕ ಹೊರಗೆ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಉರಿದದ್ದು ಮೀಟರಿನ ವಿಷಯಕ್ಕೆ. ವಿಮಾನದ ಬಾಡಿಗೆ ಗಂಟೆ ಲೆಕ್ಕ, ಮತ್ತು ಆ ಗಂಟೆ ಶುರುವಾಗುವುದು ಹಾರಿದಾಗ ಅಲ್ಲ, ಎಂಜಿನ್ ಚಾಲೂ ಮಾಡಿದಾಗ. ರನ್‌ವೇ ಖಾಲಿಯಾಗುವತನಕ ಸಾಲಿನಲ್ಲಿ ನಿಂತರೂ ಮೀಟರು ಓಡುತ್ತದೆ, ಇಳಿಯಲು ಅನುಮತಿ ಸಿಗದೆ ಮೇಲೆ ಸುತ್ತು ಹಾಕಿದರೂ ಓಡುತ್ತದೆ. ಭಾವನಿಗೆ ಇದನ್ನು ನಂಬಲೇ ಆಗಲಿಲ್ಲ. ಕಲಿಯುವವರು ಸಿಗ್ನಲ್ಲಿನಲ್ಲಿ ನಿಂತ ಹೊತ್ತನ್ನೂ ಕ್ಲಾಸಿನ ಅವಧಿಯಲ್ಲೇ ಸೇರಿಸಿ ಮುಗಿಸುತ್ತಿದ್ದವರು ಇವರು. ಸಿಗ್ನಲ್ಲು ಬೇಗ ಬಿಟ್ಟರೆ ನನ್ನನ್ನು ಬೈಯುತ್ತಿದ್ದವರು ಇವರು.

ಹುಡುಗಿ ತನ್ನ ಕೈಲಾದಷ್ಟು ಮಾಡಿದಳು. ಹೆಡ್‌ಸೆಟ್ಟನ್ನು ಹಳೆಯದೇ ಕೊಂಡಳು. ಹಾಸ್ಟೆಲ್ಲಿನ ಕಿರಿಯರಿಗೆ ಲೆಕ್ಕ ಹೇಳಿಕೊಟ್ಟು ಊಟದ ದುಡ್ಡು ಹುಟ್ಟಿಸಿಕೊಂಡಳು. ಒಂದು ಸಲವೂ ಅಳಲಿಲ್ಲ. ಅವಳಿಗೂ ಸಿಟ್ಟೇ. ಇಷ್ಟು ದುಡ್ಡು ಕೀಳುವ ಸ್ಕೂಲಿನ ಮೇಲೆ, ಅದನ್ನು ಊರಿಗೆಲ್ಲ ಕೇಳುವ ಹಾಗೆ ಹೇಳುವ ಅಪ್ಪನ ಮೇಲೆ.

ಕೊನೆಗೆ ಬಂದದ್ದು ಇಂಧನದ ಹೆಚ್ಚುವರಿ. ಪೆಟ್ರೋಲ್ ಬೆಲೆ ಏರಿದೆ, ಹಿಂದಿನ ತಿಂಗಳುಗಳದ್ದೂ ಸೇರಿಸಿ ಕಟ್ಟಿ ಎಂದು ಸ್ಕೂಲಿನಿಂದ ಬಿಲ್ಲು ಬಂತು. ಭಾವ ಆ ಬಿಲ್ಲನ್ನು ಹಿಡಿದು ನನ್ನನ್ನು ಎಳೆದುಕೊಂಡು ಕೌಂಟರಿಗೆ ಹೋದರು. ಕಾಯುವವರ ಸಾಲಿನಲ್ಲಿ ಇನ್ನೂ ಹಲವು ಅಪ್ಪಂದಿರು ಇದ್ದರು. ಎಲ್ಲರ ಕೈಯಲ್ಲೂ ಅದೇ ಬಿಲ್ಲು, ಎಲ್ಲರ ಮುಖದಲ್ಲೂ ಅದೇ ಬಣ್ಣ.

“ಮೇಡಂ, ಎಲ್ಲಾ ಸೇರಿ ಅಂತ ತಾನೇ ಹೇಳಿದ್ದು?”

“ಸರ್, ನಾನು ಟ್ರೈನಿಂಗ್ ಫೀ ಅಂದೆ. ಫಾರ್ಮಿನ ಕೆಳಗಡೆ ಬರೆದಿದೆ, ಓದಿ ಸಹಿ ಮಾಡಿದೀರಿ.”

ನಾನು ನೆಲ ನೋಡಿದೆ. ಅದು ಅಕ್ಷರಶಃ ಭಾವನ ಮಾತು. ನಮ್ಮ ಕೋಣೆಯಲ್ಲಿ ದಿನಕ್ಕೆರಡು ಸಲ ಕೇಳುವ ಮಾತು. ಬೇರೆಯವರ ಬಾಯಲ್ಲಿ ಕೇಳಿ ಭಾವನಿಗೆ ಗುರುತೇ ಸಿಗಲಿಲ್ಲ.

“ಅಷ್ಟು ಸಣ್ಣ ಅಕ್ಷರದಲ್ಲಿ ಬರೆಯೋದು ಅನ್ಯಾಯ ಮೇಡಂ. ದಗಾ ಇದು. ಹೊಟ್ಟೆ ಮೇಲೆ ಹೊಡೆಯೋದು. ಪೆಟ್ರೋಲಿಗೆ ಯಾರಾದ್ರೂ ಬೇರೆ ದುಡ್ಡು ಕೇಳ್ತಾರಾ?”

ನಾನು ಇನ್ನೂ ಆಳವಾಗಿ ನೆಲ ನೋಡಿದೆ.

ಮೇಡಂ ಬೆಳಗಿನಿಂದ ಇಂಥ ಅಪ್ಪಂದಿರನ್ನು ಕಂಡು ಸಾಕಾಗಿದ್ದರು. ಮುಖದ ಬೋರ್ಡು ಕಳಚಿಬಿತ್ತು. “ಸರ್, ಪೆಟ್ರೋಲ್ ರೇಟು ನನ್ನ ಕೈಲಿಲ್ಲ. ನಿಮಗೆ ಎಲ್ಲಾದ್ರೂ ಕಡಿಮೆಗೆ ಸಿಕ್ಕಿದ್ರೆ ನೀವೇ ತಂದ್ಕೊಡಿ, ನಮ್ಮ ವಿಮಾನಕ್ಕೆ ಹಾಕ್ತೀವಿ. ಸಾಕಾ? ಮುಂದಿನವರು ಬನ್ನಿ.”

ಹಿಂದೆ ನಿಂತ ಅಪ್ಪಂದಿರು ಬೇಸರದಲ್ಲೂ ನಕ್ಕರು. ಅದು ಸಿಟ್ಟಿಗೆ ಆಡಿದ ಮಾತು ಎಂದು ಅಲ್ಲಿದ್ದ ಗೋಡೆಗೂ ಗೊತ್ತಾಯಿತು. ಭಾವ ಮಾತ್ರ ಒಮ್ಮೆಲೇ ತಣ್ಣಗಾದರು. ಬಿಲ್ಲನ್ನು ಮಡಚಿ ಜೇಬಿಗಿಟ್ಟು, “ಹೀಗೆ ಮೊದಲೇ ಹೇಳಬಾರದಿತ್ತಾ ಮೇಡಂ” ಎಂದು ಕೈಮುಗಿದು ಹೊರಬಂದರು. ತಿಂಗಳುಗಳ ಮೇಲೆ ಅವರ ಮುಖದಲ್ಲಿ ನಗು ಕಂಡಿದ್ದರಿಂದ ನಾನೂ ತೆಪ್ಪಗಿದ್ದೆ. ಏನು ಯೋಚಿಸುತ್ತಿದ್ದಾರೆ ಎಂದು ಕೇಳಬೇಕಿತ್ತು. ಪಕ್ಕದಲ್ಲಿ ಕೂತು ಬ್ರೇಕು ಒತ್ತುವುದೇ ನನ್ನ ಕೆಲಸ, ಆ ದಿನ ಒತ್ತಲಿಲ್ಲ.

ಅದಾಗಿ ಕೆಲವು ದಿನಕ್ಕೆ ಹುಡುಗಿಯ ಕೊನೆಯ ಹಾರಾಟದ ಪರೀಕ್ಷೆಗೆ ದಿನ ಗೊತ್ತಾಯಿತು. ಹೊರಗಿನಿಂದ ಬಂದ ಪರೀಕ್ಷಕರು ಪಕ್ಕದಲ್ಲಿ ಕೂರುತ್ತಾರೆ, ಅವಳು ವಿಮಾನ ಹಾರಿಸಿ ತೋರಿಸಬೇಕು. ಪಾಸಾದರೆ ಲೈಸೆನ್ಸು. ಫೇಲಾದರೆ ವಿಮಾನದ ಬಾಡಿಗೆ, ಪರೀಕ್ಷಕರ ಫೀಸು, ಮತ್ತೆ ಅಭ್ಯಾಸದ ಗಂಟೆಗಳು, ಎಲ್ಲ ಮೊದಲಿಂದ. ಮೊದಲಿಂದ ಕಟ್ಟಲು ಮನೆಯಲ್ಲಿ ಏನೂ ಉಳಿದಿರಲಿಲ್ಲ. ಮಾರುವುದೆಲ್ಲ ಮಾರಿಯಾಗಿತ್ತು, ಅಡವಿಡುವುದೆಲ್ಲ ಅಡವಿಟ್ಟಾಗಿತ್ತು. ಫೇಲಾದರೆ ಹುಡುಗಿ ಪೈಲಟ್ ಆಗುವುದಿಲ್ಲ, ಅಷ್ಟೇ ಕಥೆ.

“ಯಾರೂ ಬರಬೇಡಿ” ಎಂದು ಅವಳು ಫೋನಿನಲ್ಲಿ ಹೇಳಿದಳು. “ಅಮ್ಮ, ನೀನು ಬರಬೇಡ. ಮಾವ, ನೀನು ಬರಬೇಡ. ಅಪ್ಪನ್ನಂತೂ ಕಟ್ಟಿಹಾಕು.”

ಪರೀಕ್ಷೆಯ ದಿನ ಬೆಳಿಗ್ಗೆ ಎದ್ದು ನಾನು ಸ್ಕೂಲಿಗೆ ಹೋದರೆ ಭಾವ ಕಾರಿನ ಡಿಕ್ಕಿಗೆ ಪೆಟ್ರೋಲ್ ಕ್ಯಾನುಗಳನ್ನು ಏರಿಸುತ್ತಿದ್ದರು. ಡಿಕ್ಕಿ ತುಂಬಿ, ಮಿಕ್ಕವು ಹಿಂದಿನ ಸೀಟಿಗೆ ಬಂದಿದ್ದವು. ಪರಿಚಯದ ಬಂಕಿನವನ ಹತ್ತಿರ ಚೌಕಾಸಿ ಮಾಡಿ ತಂದದ್ದಂತೆ.

“ಭಾವ, ಇದೇನು?”

“ಪೆಟ್ರೋಲ್ ನಮ್ಮದೇ ಹಾಕಬಹುದು ಅಂತ ಮೇಡಂ ಹೇಳಿದ್ರಲ್ಲ. ನೀನೇ ಇದ್ದೆ. ಇದನ್ನ ಒಳಗೆ ಕೊಟ್ಟು, ಬಿಲ್ಲಲ್ಲಿ ಆ ಸಾಲು ಹೊಡೆದುಹಾಕ್ಸಿ, ಸುಮ್ನೆ ಬಂದುಬಿಡೋಣ. ಅವಳಿಗೆ ಗೊತ್ತೂ ಆಗಲ್ಲ.”

“ಅವರು ಸಿಟ್ಟಿಗೆ ಹೇಳಿದ್ದು ಭಾವ.”

“ವ್ಯವಹಾರದಲ್ಲಿ ಯಾರೂ ಸಿಟ್ಟಿಗೆ ರಿಯಾಯಿತಿ ಕೊಡಲ್ಲ ಕಣಯ್ಯ. ಹತ್ತು.”

ನಾನು ಬರುವುದಿಲ್ಲ ಎಂದೆ. ಹಾಗಾದರೆ ನಾನೇ ಓಡಿಸುತ್ತೇನೆ ಎಂದರು. ಕ್ಲಚ್ಚಿನ ಬಗ್ಗೆ ಭಾಷಣ ಮಾಡುವವರು ಕಾರು ಓಡಿಸಿದರೆ ಏನಾಗುತ್ತದೆಂದು ನನಗೆ ಗೊತ್ತು, ಅದೂ ಇಷ್ಟು ಪೆಟ್ರೋಲಿನ ಜೊತೆ. ಬೈದುಕೊಂಡೇ ಹತ್ತಿದೆ. ಎದುರಂಗಡಿಯ ಟೈಲರು ಎಲ್ಲ ನೋಡುತ್ತಿದ್ದವನು ಅಂಗಡಿಗೆ ಬೀಗ ಹಾಕಿ ಬಂದು, ಕೇಳದೆಯೇ ಹಿಂದಿನ ಸೀಟಿನಲ್ಲಿ ಕ್ಯಾನಿನ ಪಕ್ಕ ಕೂತ. ಯಾಕೆ ಎಂದದ್ದಕ್ಕೆ, “ಇದನ್ನ ನೋಡದೆ ಇದ್ರೆ ಜೀವನದಲ್ಲಿ ಏನು ನೋಡಿದ ಹಾಗಾಯ್ತು” ಎಂದ.

ಗೇಟಿನ ಮುಂದೆ ಅಡ್ಡಗಂಬ ಇಳಿಸಿತ್ತು. ಕಾವಲುಗಾರ ಬಂದು ನಮ್ಮ ಕಾರಿನ ತಲೆಯ ಮೇಲಿನ ಡ್ರೈವಿಂಗ್ ಸ್ಕೂಲ್ ಬೋರ್ಡು ಓದಿ, ಒಳಗೆ ಇಣುಕಿದ.

“ಏನ್ರೀ ಅದು ಕ್ಯಾನಲ್ಲಿ?”

“ಪೆಟ್ರೋಲ್” ಎಂದರು ಭಾವ, ಹೆಮ್ಮೆಯಿಂದ.

“ಯಾಕೆ?”

“ವಿಮಾನಕ್ಕೆ.”

ಕಾವಲುಗಾರ ಎರಡು ಹೆಜ್ಜೆ ಹಿಂದೆ ಸರಿದ. ಮತ್ತೆ ಎರಡು ಹೆಜ್ಜೆ. ಆಮೇಲೆ ತಿರುಗಿ ಓಡಿ ತನ್ನ ಗೂಡಿನೊಳಗಿನ ಗುಂಡಿ ಒತ್ತಿದ. ಬಯಲಿನ ಉದ್ದಗಲಕ್ಕೂ ಸೈರನ್ ಕೂಗಿತು. ಭಾವ ನನ್ನ ಕಡೆ ತಿರುಗಿ, “ಮೇಡಂಗೆ ಸುದ್ದಿ ಮುಟ್ಟಿಸ್ತಿದಾರೆ” ಎಂದರು.

ಕ್ಷಣದಲ್ಲಿ ಒಳಗಿನಿಂದ ಕೆಂಪು ಅಗ್ನಿಶಾಮಕ ಗಾಡಿ ಬಂದು ನಮ್ಮ ಮೂತಿಗೆ ಮೂತಿ ಕೊಟ್ಟು ನಿಂತಿತು. ಅದರ ಹಿಂದೆ ಜೀಪು, ಜೀಪಿನಿಂದ ಇನ್‌ಸ್ಪೆಕ್ಟರು. ಭಾವನನ್ನೂ ನನ್ನನ್ನೂ ಇಳಿಸಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಕ್ಯಾನುಗಳ ಮರೆಯಲ್ಲಿದ್ದ ಟೈಲರು ಒಳಗೇ ಉಳಿದ. ಗೋಡೆಯನ್ನು ನೋಡುತ್ತಲೇ ಭಾವ ಮೇಡಂ ಹೇಳಿದ್ದನ್ನು ವಿವರಿಸಿದರು, ನಮ್ಮ ಸ್ಕೂಲಿನ ಪದ್ಧತಿ ವಿವರಿಸಿದರು, ರಿಯಾಯಿತಿಯ ದರವನ್ನೂ ಹೇಳಿದರು. ಇನ್‌ಸ್ಪೆಕ್ಟರು ಎಷ್ಟೋ ಬಗೆಯ ಸುಳ್ಳು ಕೇಳಿದವರು. ಇದು ಯಾವ ಬಗೆಗೂ ಸೇರದ್ದರಿಂದ ಅವರಿಗೆ ಇನ್ನೂ ಹೆಚ್ಚು ಅನುಮಾನ ಬಂತು.

“ಮೊದಲು ಕಾರು ಹಿಂದೆ ತೆಗೀರಿ” ಎಂದರು.

“ನಾನು ತೆಗೀತೀನಿ ಸರ್” ಎಂದೆ.

“ನೀನು ಅಲುಗಾಡಬೇಡ. ಒಳಗಿದಾನಲ್ಲ ಅವನು ತೆಗೀಲಿ. ಏಯ್, ನೀನು, ಲೈಸೆನ್ಸ್ ಇದೆಯಾ?”

“ಇದೆ ಸರ್” ಎಂದ ಟೈಲರು ಒಳಗಿನಿಂದ.

“ಹಿಂದಕ್ಕೆ ತಗೋ.”

“ರಿವರ್ಸ್ ಬರಲ್ಲ ಸರ್.”

“ಕಾರಿಗಾ?”

“ನನಗೆ. ಮೇಷ್ಟ್ರು ಹೇಳ್ಕೊಡಲಿಲ್ಲ. ಅದಕ್ಕೆ ಬೇರೆ ದುಡ್ಡು.”

ಇನ್‌ಸ್ಪೆಕ್ಟರು ಭಾವನ ಕಡೆ ನೋಡಿದರು. ಭಾವ ಗೋಡೆ ನೋಡಿದರು. ಇನ್‌ಸ್ಪೆಕ್ಟರು ತಾವೇ ಓಡಿಸಬಹುದಿತ್ತು. ಆದರೆ ಪೆಟ್ರೋಲ್ ತುಂಬಿದ ಕಾರಿನಲ್ಲಿ ಕೂರುವಷ್ಟು ಧೈರ್ಯ ಸರ್ಕಾರಿ ಸಂಬಳಕ್ಕೆ ಬರುವುದಿಲ್ಲ. “ಪ್ರಯತ್ನ ಮಾಡು” ಎಂದು ದೂರ ಹೋಗಿ ನಿಂತರು. ಟೈಲರು ಹಿಂದಿನ ಸೀಟಿನಿಂದ ಮುಂದಕ್ಕೆ ಹಾರಿ, ಗೇರಿನ ಕಡ್ಡಿಯನ್ನು ಅನ್ನಿಸಿದ ಕಡೆಗೆಲ್ಲ ತಳ್ಳಿದ. ಕಾರು ಕರಕರ ಎಂದು ಶಾಪ ಹಾಕಿ ಮುಂದಕ್ಕೆ ನೆಗೆದು ಅಡ್ಡಗಂಬಕ್ಕೆ ಹೊಡೆದು ನಿಂತಿತು. ಪೊಲೀಸರು, ಕಾವಲುಗಾರ, ಅಗ್ನಿಶಾಮಕದವರು ಎಲ್ಲ ಒಟ್ಟಿಗೆ ಓಡಿದರು. ನಾನು ಗೋಡೆಯ ಪಕ್ಕ ನಿಂತಲ್ಲೇ ನೆಲವನ್ನು ಬಲಗಾಲಿನಿಂದ ಬಲವಾಗಿ ಒತ್ತುತ್ತಿದ್ದೆ.

ಅಷ್ಟರಲ್ಲಿ ಆಫೀಸಿನಿಂದ ಮೇಡಂ ಓಡಿಬಂದರು, ಅವರ ಹಿಂದೆ ಕಾಯುವ ಶೆಡ್ಡಿನಲ್ಲಿದ್ದ ಅಪ್ಪಂದಿರೆಲ್ಲ. ಭಾವನನ್ನು ಕಂಡು ಮೇಡಂ ಬಾಯಿಗೆ ಕೈ ಇಟ್ಟುಕೊಂಡರು.

“ನೀವೇ ಹೇಳಿದ್ರಲ್ಲ ಮೇಡಂ, ತಂದ್ಕೊಡಿ ಅಂತ” ಎಂದರು ಭಾವ.

ಮೇಡಂ ತಲೆ ಎತ್ತಿ ಮೇಲೆ ನೋಡಿದರು. ಆಡಿದ ಮಾತು ನಮಗಲ್ಲ, ಆಕಾಶಕ್ಕೆ. “ಅಯ್ಯೋ, ಮೇಲಿರೋರು ಯಾರೂ ಇಳಿಯೋ ಹಾಗಿಲ್ಲ.”

ಆಗ ತಿಳಿಯಿತು. ಈ ನಿಲ್ದಾಣಕ್ಕೆ ಇರುವುದು ಒಂದೇ ಅಗ್ನಿಶಾಮಕ ಗಾಡಿ. ಅದು ರನ್‌ವೇ ಪಕ್ಕದ ತನ್ನ ಜಾಗದಲ್ಲಿ ಸಿದ್ಧವಾಗಿ ನಿಂತಿಲ್ಲದಿದ್ದರೆ ಯಾವ ವಿಮಾನವೂ ಇಳಿಯುವಂತಿಲ್ಲ. ಪೆಟ್ರೋಲ್ ಕಾರು ಗೇಟಿನಲ್ಲಿ ಇರುವತನಕ ಗಾಡಿ ಗೇಟು ಬಿಡುವಂತಿಲ್ಲ. ನಾವೆಲ್ಲ ತಲೆ ಎತ್ತಿದೆವು. ಮೇಲೆ ಪುಟ್ಟ ವಿಮಾನಗಳು ಒಂದರ ಹಿಂದೊಂದು ಸುತ್ತು ಹಾಕುತ್ತಿದ್ದವು.

“ಸುತ್ತುತ್ತಾ ಇದ್ರೆ ಮೀಟರು ಓಡುತ್ತಲ್ಲ?” ಎಂದು ಒಬ್ಬ ಅಪ್ಪ ಮೆಲ್ಲಗೆ ಕೇಳಿದ.

ಅಷ್ಟೇ ಸಾಕಾಯಿತು. ಎಲ್ಲ ಅಪ್ಪಂದಿರೂ ಒಟ್ಟಿಗೆ ಭಾವನ ಕಡೆ ತಿರುಗಿದರು. ಒಬ್ಬ ಹೊಲ ಮಾರಿದವನು, ಒಬ್ಬ ಅಂಗಡಿ ಮಾರಿದವನು, ಒಬ್ಬ ಮಾರಲು ಏನೂ ಇಲ್ಲದೆ ಸಾಲ ಮಾಡಿದವನು. ಅವರ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲಾಗದು. ಆದರೆ ಒಂದೂ ತಪ್ಪಲ್ಲ, ಎಲ್ಲವನ್ನೂ ನಾನು ಮನಸ್ಸಿನಲ್ಲಿ ಮೊದಲೇ ಅಂದಿದ್ದೆ. ತಾನು ಕೆಟ್ಟ ಕೋತಿ ವನವೆಲ್ಲ ಕೆಡಿಸಿತು ಎಂಬ ಮಾತನ್ನಂತೂ ಇಬ್ಬರು ಒಟ್ಟಿಗೆ ಹೇಳಿದರು. ಆಮೇಲೆ ಅವರು ಇನ್‌ಸ್ಪೆಕ್ಟರನ್ನು ಕೇಳಲಿಲ್ಲ, ಕಾವಲುಗಾರನನ್ನು ಕೇಳಲಿಲ್ಲ. ಪೊಲೀಸರೇ ಹೆದರಿದ ಕಾರಿಗೆ ಮುಂದಿನಿಂದ ಹೆಗಲು ಕೊಟ್ಟು, ಒಳಗಿದ್ದ ಟೈಲರನ ಸಮೇತ, ಹಿಂದಕ್ಕೆ ನೂಕತೊಡಗಿದರು. ಮೀಟರು ಎಂದ ಕೂಡಲೇ ಪ್ರಾಣಭಯ ಹೋಗಿತ್ತು.

ಆದರೆ ಅಷ್ಟರಲ್ಲಿ ಸುತ್ತುತ್ತಿದ್ದ ವಿಮಾನಗಳಲ್ಲಿ ಒಂದು ಸಾಲು ಬಿಟ್ಟು ಪಕ್ಕಕ್ಕೆ ವಾಲಿತು. ವಾಲಿ, ನೇರವಾಗಿ ದೂರಕ್ಕೆ ಹೋಗತೊಡಗಿತು.

“ಅದು ಯಾರದು ಮೇಡಂ?” ಎಂದರು ಭಾವ. ದನಿ ಸಣ್ಣಗಾಗಿತ್ತು.

ಮೇಡಂ ಕಿವಿಯಲ್ಲಿ ಫೋನು ಹಿಡಿದಿದ್ದರು. “ಪರೀಕ್ಷೆಯ ವಿಮಾನ. ನಿಮ್ಮ ಮಗಳದು. ಬೇರೆ ನಿಲ್ದಾಣಕ್ಕೆ ಹೋಗಿ ಇಳೀತಾಳಂತೆ. ಪರೀಕ್ಷಕರು ಏನು ಮಾಡ್ತಾರೋ, ಲೆಕ್ಕಕ್ಕೆ ತಗೋತಾರೋ ಇಲ್ವೋ, ನನಗೆ ಗೊತ್ತಿಲ್ಲ ಸರ್. ಇಂಥದ್ದು ಹಿಂದೆ ಆಗಿಲ್ಲ.”

ವಿಮಾನ ಚುಕ್ಕೆಯಾಗಿ ಮಾಯವಾಯಿತು. ಸೈಟು ಹೋಗಲಿ, ಬಳೆ ಹೋಗಲಿ. ಆ ಹುಡುಗಿ ಲೆಕ್ಕ ಹೇಳಿಕೊಟ್ಟು ಊಟ ಮಾಡಿದ್ದು, ಯಾರೂ ಬರಬೇಡಿ ಎಂದು ಬೇಡಿಕೊಂಡಿದ್ದು ನೆನಪಾಗಿ, ಪಕ್ಕದಲ್ಲಿದ್ದ ಈ ಮನುಷ್ಯನನ್ನು ಅಲ್ಲೇ ಎತ್ತಿ ಒಗೆಯಬೇಕು ಅನ್ನಿಸಿತು. ಎತ್ತಲಿಲ್ಲ. ಪೊಲೀಸರು ಎತ್ತುತ್ತಾರೆ ಎಂದು ನಂಬಿದ್ದೆ.

ಅವರೂ ಎತ್ತಲಿಲ್ಲ. ಠಾಣೆಯಲ್ಲಿ ಕೂರಿಸಿ, ದಂಡ ಹಾಕಿ, ಪೆಟ್ರೋಲನ್ನು ಜಪ್ತಿ ಮಾಡಿಕೊಂಡು ಬಿಟ್ಟರು. ಭಾವ ಜಪ್ತಿಗೆ ರಸೀದಿ ಕೇಳಿದರು. ಇನ್‌ಸ್ಪೆಕ್ಟರು ಎದ್ದು ನಿಂತದ್ದು ನೋಡಿ ನಾನೇ ಅವರ ತೋಳು ಹಿಡಿದು ಹೊರಗೆಳೆದೆ.

ಹುಡುಗಿ ಸಂಜೆ ಬಸ್ಸಿನಲ್ಲಿ ಮನೆಗೆ ಬಂದಳು. ಬಿಳಿ ಯೂನಿಫಾರಮ್ಮು ಮುದುಡಿತ್ತು. ಚಪ್ಪಲಿ ಸ್ಟ್ಯಾಂಡಿನ ಪಕ್ಕ ಶೂ ಬಿಚ್ಚಿ, ಕೈಕಾಲು ತೊಳೆದು, ಮುಖ ಒರೆಸಿಕೊಂಡು ಬಂದು ಕೂತಳು. ನಾವು ಮೂವರೂ ಅವಳ ಬಾಯಿ ನೋಡುತ್ತಿದ್ದೆವು.

“ಪಾಸು” ಎಂದಳು.

ಅಕ್ಕ ಕುಕ್ಕರಿಸಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹುಡುಗಿ ನನಗೆ ಹೇಳಿದಳು, ಅಪ್ಪನಿಗಲ್ಲ. ಇಳಿಯುವ ಹಾಗಿಲ್ಲ ಎಂದು ರೇಡಿಯೋದಲ್ಲಿ ತಿಳಿದ ಕೂಡಲೇ ಅವಳು ಉಳಿದ ಪೆಟ್ರೋಲ್ ಲೆಕ್ಕ ಹಾಕಿದಳಂತೆ. ಸುತ್ತುತ್ತ ಕಾಯುವ ಬದಲು ಬೇರೆ ನಿಲ್ದಾಣಕ್ಕೆ ಹೋಗುತ್ತೇನೆ ಎಂದು ತಾನೇ ನಿರ್ಧಾರ ಮಾಡಿದಳಂತೆ. ಹೋಗಿ ಸರಿಯಾಗಿ ಇಳಿಸಿದಳಂತೆ. ಪರೀಕ್ಷಕರು ಅದನ್ನೇ ನೋಡಿ ಪಾಸು ಮಾಡಿದರು. ಅಲ್ಲಿ ಇಳಿದದ್ದಕ್ಕೆ, ನಿಲ್ಲಿಸಿದ್ದಕ್ಕೆ, ವಿಮಾನ ವಾಪಸು ತರುವುದಕ್ಕೆ ಎಲ್ಲ ಬಿಲ್ಲು ಬರುತ್ತದೆ.

ಭಾವನಿಗೆ ಉಸಿರು ಬಂತು. ಉಸಿರಿನ ಹಿಂದೆಯೇ ಮಾತೂ ಬಂತು. “ಮತ್ತೆ ನೋಡು. ನಾನು ಹೋಗದೆ ಇದ್ದಿದ್ರೆ ಆ ಪರೀಕ್ಷೆ ಸಪ್ಪೆ ಆಗ್ತಿತ್ತು. ನಿನ್ನ ಸಾಮರ್ಥ್ಯ ಅವರಿಗ್ಯಾವಾಗ ಕಾಣ್ತಿತ್ತು? ಒಂದು ರೀತೀಲಿ ನನ್ನಿಂದಲೇ—”

“ರೀ” ಎಂದಳು ಅಕ್ಕ. ಒಂದೇ ಅಕ್ಷರ. ಪಾತ್ರೆಗಳ ಸಹಾಯವಿಲ್ಲದೆ ಅವಳ ಸಿಟ್ಟು ಹೊರಗೆ ಬಂದದ್ದನ್ನು ನಾನು ಮೊದಲ ಸಲ ಕೇಳಿದೆ.

ಹುಡುಗಿ ಈಗ ಅಪ್ಪನ ಕಡೆ ತಿರುಗಿದಳು. “ರೇಡಿಯೋದಲ್ಲಿ ಯಾರೋ ಒಬ್ಬ ವಿಮಾನಕ್ಕೆ ಹಾಕಿ ಅಂತ ಗೇಟಿಗೆ ಪೆಟ್ರೋಲ್ ತಂದಿದಾನೆ ಅಂದ್ರು. ಯಾರೋ ಒಬ್ಬ ಅಂದ್ರು. ನನಗೆ ಆವಾಗ್ಲೇ ಗೊತ್ತಾಯ್ತು.”

ಭಾವ ಅಂಗಿಯ ತೋಳು ಸರಿಮಾಡಿಕೊಂಡರು.

“ಪರೀಕ್ಷಕರು ನಕ್ಕು, ಯಾವ ಹುಚ್ಚನಮ್ಮ ಇವನು, ನಿಮ್ಮೂರವನಾ, ನಿನಗೆ ಗೊತ್ತಾ ಅಂತ ಕೇಳಿದ್ರು.”

“ನೀನೇನಂದೆ?”

“ಗೊತ್ತಿಲ್ಲ ಸರ್ ಅಂದೆ.”

ಹೊರಗೆ ಟೈಲರು ಬಡಾವಣೆ ಸುತ್ತಿ ಬಂದು ಕಾರು ನಿಲ್ಲಿಸಿದ ಸದ್ದಾಯಿತು. ಭಾವ ತಲೆಯಾಡಿಸಿದರು. “ಒಳ್ಳೇದೇ ಮಾಡಿದೆ. ಗೊತ್ತು ಅಂದಿದ್ರೆ ಫೇಲ್ ಮಾಡ್ತಿದ್ರೇನೋ.”

“ಫೇಲ್ ಮಾಡ್ತಿರಲಿಲ್ಲ ಅಪ್ಪ. ನನಗೆ ನಾಚಿಕೆ ಆಯ್ತು. ಅದಕ್ಕೇ ಹೇಳಲಿಲ್ಲ.”

ಯಾವ ಮಾತಿಗೂ ಒಂದು ತಿರುಗುಬಾಣ ಇಟ್ಟುಕೊಂಡಿರುವ ಮನುಷ್ಯ, ತಮ್ಮ ಎರಡು ಕೈಗಳನ್ನೂ ಮೊಣಕಾಲ ಮೇಲಿಟ್ಟು, ಯಾರದೋ ಮನೆಗೆ ಬಂದವರ ಹಾಗೆ ಕೂತಿದ್ದರು. ನನ್ನ ಸಿಟ್ಟು ಇಳಿಯಿತು ಎಂದು ನೀವು ತಿಳಿಯಬೇಡಿ. ಇಳಿಯಲಿಲ್ಲ. ಆದರೆ ಅವರನ್ನು ನೋಡುವುದು ನನ್ನಿಂದಾಗದೆ ನಾನು ಬೇರೆ ಕಡೆ ನೋಡಿದೆ.

ಭಾವ ತಲೆ ಎತ್ತದೆ, “ನನ್ನ ಹತ್ತಿರ ಮಾತಾಡಲ್ವಾ?” ಎಂದು ಕೇಳಿದರು.

“ಒಂದು ತಿಂಗಳು ಮಾತಾಡಲ್ಲ” ಎಂದಳು ಹುಡುಗಿ.

ಹೇಳಿದ ಹಾಗೇ ಒಂದು ತಿಂಗಳು ಅವಳು ಮಾತಾಡಲಿಲ್ಲ. ಭಾವ ಒಂದು ದಿನ ಕಡಿಮೆ ಮಾಡು ಎಂದು ಚೌಕಾಸಿ ಮಾಡಲಿಲ್ಲ.